ಇನ್ನೂರ ಹದಿನಾಲ್ಕನೆಯ ಗೆರೆ

ಫೆಬ್ರವರಿ 9

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒತ್ತಕ್ಷರ ಬಂದ ಕಡೆಯೆಲ್ಲ ಕೈ ತಡವರಿಸುತ್ತದೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ಓದು. ನಿನಗಿಂತ ಮೊದಲು ಈ ಕಾಗದ ಓದುವ ಜೈಲಿನ ಸಾಹೇಬರೂ ಹಾಗೆಯೇ ಮಾಡಲಿ. ಅವರಿಗೂ ನಮಸ್ಕಾರ.

ಒಂಬತ್ತು ವರ್ಷ ನಿನಗೆ ಅತ್ತೆಯೇ ಬರೆದರು. ಕೊನೆಯಲ್ಲಿ 'ತಂಗಿ ನಮಸ್ಕಾರ ಹೇಳಿದ್ದಾಳೆ' ಎಂದು ಒಂದು ಸಾಲು ಇರುತ್ತಿತ್ತಲ್ಲ, ಅದನ್ನು ನಾನು ಹೇಳಿರುತ್ತಿರಲಿಲ್ಲ. ಅತ್ತೆಯೇ ಸೇರಿಸುತ್ತಿದ್ದರು. ಈಗ ಅವರ ಕಣ್ಣಿಗೆ ಪೊರೆ ಬಂದಿದೆ. "ನಿಮ್ಮಣ್ಣಂಗೆ ನೀನೇ ಬರಿಯೇ. ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಎಂದು ಬೈದರು. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಹೇಳುತ್ತೇನೆ, ನಗಬೇಡ. ಒಂದು ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿದ್ದೇನೆ. ಸೇರಿದ್ದು ನೆಲ ಒರೆಸಲು. ಈಗಲೂ ಬೆಳಿಗ್ಗೆ ಒರೆಸುತ್ತೇನೆ. ಆಮೇಲೆ ಕೈ ತೊಳೆದುಕೊಂಡು ಕಲ್ಲು ಸೀಳಲು ಕೂರುತ್ತೇನೆ.

ಪೆನ್ಸಿಲ್ ಒಳಗೆ ಕಪ್ಪು ಕಡ್ಡಿ ಇರುತ್ತದಲ್ಲ, ಆ ಜಾತಿಯ ಕಲ್ಲು. ಉಗುರಿನಷ್ಟು ಚೂರು. ಅದನ್ನು ಅಂಟುವ ಟೇಪಿನ ಮೇಲಿಟ್ಟು, ಟೇಪು ಮಡಚಿ, ಹೆಬ್ಬೆರಳಿನಿಂದ ಒತ್ತಿ, ಎಳೆದು ಬಿಡಿಸಬೇಕು. ಚರ್ಮ ಸುಲಿದ ಹಾಗೆ ಕಲ್ಲು ಎರಡಾಗುತ್ತದೆ. ಮತ್ತೆ ಮಡಚು, ಮತ್ತೆ ಒತ್ತು, ಮತ್ತೆ ಕೀಳು. ಹತ್ತು ಸಲ ಕಿತ್ತ ಮೇಲೆ ಟೇಪನ್ನು ನೇರಳೆ ಬಣ್ಣದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ, ಉಸಿರು ಬಿಗಿಹಿಡಿದು ಎಬ್ಬಿಸಬೇಕು. ಬಿಲ್ಲೆಯ ಮೇಲೆ ಸಾವಿರಾರು ಚೂರು ಹರಿದು, ಮಡಚಿ, ಸತ್ತು ಬಿದ್ದಿರುತ್ತವೆ. ಅವುಗಳ ನಡುವೆ ಎಲ್ಲೋ ಒಂದು ಮಾತ್ರ ಪೂರ್ತಿ ಉಳಿದಿರುತ್ತದೆ. ಅದರ ದಪ್ಪ ಒಂದೇ ಒಂದು ಪರಮಾಣು. ಅದಕ್ಕಿಂತ ತೆಳು ಮಾಡಲು ದೇವರಿಗೂ ಆಗುವುದಿಲ್ಲವಂತೆ.

ಅದನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ನಾನು. ದಪ್ಪ ಚೂರು ಹಳದಿಯಾಗಿ ಕಾಣುತ್ತದೆ, ತೆಳುವಾದದ್ದು ನೀಲಿ. ಒಂದೇ ಪದರದ್ದು ನೇರಳೆಯ ಮೇಲೆ ನೇರಳೆ. ಗೋಡೆಗೆ ಬೆರಳು ತಾಗಿ ಉಳಿದ ಗುರುತಿನಷ್ಟು. ಓದಿದವರು ಅದನ್ನು ಹುಡುಕುತ್ತ ದಿನಗಟ್ಟಲೆ ಕೂರುತ್ತಿದ್ದರು. ಒಂದು ದಿನ ನಾನು ಹಿಂದೆ ಬಕೆಟ್ಟು ಹಿಡಿದು ಸೂಕ್ಷ್ಮದರ್ಶಕದ ಪರದೆ ನೋಡುತ್ತ ನಿಂತಿದ್ದಾಗ, "ಅಯ್ಯೋ, ಅಲ್ಲೊಂದು ಹೋಯ್ತು" ಎಂದು ಬಾಯಿಂದ ಬಂದುಬಿಟ್ಟಿತು. ಅವರಲ್ಲೊಬ್ಬರು, ಕನ್ನಡಕದ ಅಕ್ಕ, ತಿರುಗಿ ನೋಡಿ, "ಏನೇ ಹೋಯ್ತು? ತೋರಿಸು" ಎಂದರು. ತೋರಿಸಿದೆ. ಉದ್ದನೆಯ ಸರ್ ಎದ್ದು ನಿಂತು, "ನಮ್ಮ ಡಿಗ್ರಿ ಎಲ್ಲಾ ಒಟ್ಟುಮಾಡಿ ಈ ಹುಡುಗಿ ಬಕೆಟ್ಟಿಗೆ ಹಾಕ್ಬೇಕು" ಎಂದು ಕೈ ಮುಗಿದರು. ಅವತ್ತಿನಿಂದ ನನಗೆ ಹದ್ದಿನಕಣ್ಣು ಎಂದು ಹೆಸರು.

ಇಷ್ಟು ಬರೆಯಲು ಮೂರು ದಿನ ಹಿಡಿಯಿತು.

ನಿನ್ನ ತಂಗಿ

---

ಫೆಬ್ರವರಿ 27

ಪ್ರೀತಿಯ ಇರುವೆಗೆ,

ಇನ್ನೂ ಇರುವೆ ಎಂದು ಕರೆದರೆ ಸಿಟ್ಟು ಬರುತ್ತದೋ ಏನೋ, ಹತ್ತೊಂಬತ್ತು ತುಂಬಿದವಳಿಗೆ. ನಿನ್ನ ಕಾಗದವನ್ನು ಏಳು ಸಲ ಓದಿದೆ. ಕಾಗೆಕಾಲೂ ಇಲ್ಲ, ಗುಬ್ಬಿಕಾಲೂ ಇಲ್ಲ. ನಾನು ಗ್ಯಾರೇಜಿನಲ್ಲಿ ಬರೆಯುತ್ತಿದ್ದ ಚೀಟಿಗಿಂತ ನೂರು ಪಾಲು ವಾಸಿ.

ನನ್ನ ಕೋಣೆಯ ಮುದುಕಪ್ಪನಿಗೂ ಓದಿ ಹೇಳಿದೆ. "ಕಲ್ಲು ಸುಲಿಯೋದಾ? ನಿಮ್ಮ ವಂಶಕ್ಕೆ ಮೆತ್ತಗಿನ ಕೆಲಸಾನೇ ಸಿಗಲ್ವೇನೋ?" ಎಂದ.

ಇಲ್ಲಿ ಎಲ್ಲ ಚೆನ್ನಾಗಿದೆ. ಮರಗೆಲಸ ಕಲಿತಿದ್ದೇನೆ. ಸೆಪ್ಟೆಂಬರಿನಲ್ಲಿ ಬಿಡುಗಡೆ ಮಂಡಳಿ ಕೂರುತ್ತದೆ. ನಡತೆ ಒಳ್ಳೆಯದಿದ್ದವರನ್ನು ನಾಲ್ಕು ವರ್ಷ ಮೊದಲೇ ಬಿಡುತ್ತಾರೆ. ನನ್ನ ಪುಸ್ತಕದಲ್ಲಿ ಒಂದೂ ಕೆಂಪು ಗುರುತಿಲ್ಲ. ಅಲ್ಲಿಯ ತನಕ ಯಾರಾದರೂ ಮುಖಕ್ಕೆ ಉಗಿದರೂ ಒರೆಸಿಕೊಂಡು ಹೋಗುತ್ತೇನೆ. ಅತ್ತೆಗೆ ಹೇಳು.

ಆ ಉದ್ದನೆಯ ಸರ್ ಯಾರು? ಮದುವೆಯಾಗಿದೆಯೋ? ಸುಮ್ಮನೆ ಕೇಳಿದೆ.

ಅಣ್ಣ

---

ಮಾರ್ಚ್ 20

ಪ್ರೀತಿಯ ಅಣ್ಣನಿಗೆ,

ಉದ್ದನೆಯ ಸರ್‌ಗೆ ಮದುವೆಯಾಗಿ ಒಬ್ಬ ಮಗಳಿದ್ದಾಳೆ. ನೀನು ಸುಮ್ಮನಿರು.

ಆದರೆ ಅವರ ವಿಷಯದಲ್ಲೇ ನನ್ನಿಂದ ಒಂದು ಕೆಲಸ ಆಗಿಬಿಟ್ಟಿದೆ. ಹೇಳದಿದ್ದರೆ ಊಟ ಸೇರುವುದಿಲ್ಲ.

ಅವರು ಹೋದ ವರ್ಷ ಒಂದು ದೊಡ್ಡ ಲೇಖನ ಬರೆದರು. ಒಂದೇ ಪದರದ ಹಾಳೆ, ಇಷ್ಟು ದೊಡ್ಡದು ಇದುವರೆಗೆ ಯಾರಿಗೂ ಸಿಕ್ಕಿಲ್ಲ ಎಂದು. ಸಂಸ್ಥೆಯ ಬಾಗಿಲಲ್ಲಿ ಅದರ ಚಿತ್ರವನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ನಾನು ದಿನಾ ಅದರ ಗಾಜು ಒರೆಸುವವಳು. ಒರೆಸುವಾಗೆಲ್ಲ ಕಣ್ಣಿಗೆ ಏನೋ ಚುಚ್ಚುತ್ತಿತ್ತು. ಮೊನ್ನೆ ಅದರ ಅಸಲು ಬಿಲ್ಲೆಯೇ ಡಬ್ಬಿಯಲ್ಲಿ ಸಿಕ್ಕಿತು. ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಕನ್ನಡಕದ ಅಕ್ಕನಿಗೆ, "ಅಕ್ಕಾ, ಇದು ಒಂದಲ್ಲ, ಎರಡು ಪದರ" ಎಂದೆ.

ಅಕ್ಕ ತಾವೂ ಬಗ್ಗಿ ನೋಡಿದರು. "ಬಾಯಿ ತಪ್ಪಿ ಯಾರ ಹತ್ರಾನೂ ಅನ್ಬೇಡ. ನಾನು ಸೂಜೀಲಿ ಅಳೀತೀನಿ" ಎಂದರು.

ಸೂಜಿ ಎಂದರೆ ಇನ್ನೊಂದು ಯಂತ್ರ. ಅದಕ್ಕೆ ಕಣ್ಣಿಲ್ಲ. ಕುರುಡರ ಕೋಲಿನ ಹಾಗೆ ಒಂದು ಸೂಜಿ ಬಿಲ್ಲೆಯನ್ನು ಮುಟ್ಟುತ್ತ ಎಡದಿಂದ ಬಲಕ್ಕೆ ಒಂದು ಗೆರೆ ಹೋಗುತ್ತದೆ. ಒಂದು ಗೆರೆಗೆ ಒಂದು ಸೆಕೆಂಡು. ಹೀಗೆ ಐನೂರ ಹನ್ನೆರಡು ಗೆರೆ ಕೂಡಿದರೆ ಒಂದು ಚಿತ್ರ. ಎಲ್ಲಿ ಮೆಟ್ಟಿಲು, ಎಲ್ಲಿ ಹಳ್ಳ ಎಂದು ಪರದೆಯ ಮೇಲೆ ಬರುತ್ತದೆ. ಒಂದು ಪದರಕ್ಕೆ ಒಂದು ಮೆಟ್ಟಿಲು, ಎರಡಕ್ಕೆ ಅದರ ಎರಡರಷ್ಟು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಆ ಗೆರೆ ಹಲ್ಲು ಹಲ್ಲಾಗಿ ಕೆಡುತ್ತದೆ. ಅದಕ್ಕೇ ಯಂತ್ರವನ್ನು ಗಾಳಿಯ ಕಾಲಿರುವ ಭಾರದ ಉಕ್ಕಿನ ಟೇಬಲ್ಲಿನ ಮೇಲಿಟ್ಟಿದ್ದಾರೆ. ಕೆಟ್ಟ ಚಿತ್ರಗಳನ್ನು ಬೇರೆ ಮಾಡಿ ಪ್ರತಿ ಶನಿವಾರ ಅಳಿಸುವುದು ನನ್ನ ಕೆಲಸ.

ಅಕ್ಕ ಅಳೆದರು. ಎರಡೇ ಮೆಟ್ಟಿಲು.

ಈಗ ಅವರು ಉದ್ದನೆಯ ಸರ್ ಹತ್ತಿರ ಮಾತಾಡುತ್ತಾರಂತೆ. "ಅವನಾಗಿಯೇ ಒಪ್ಪಿಕೊಂಡ್ರೆ ಮರ್ಯಾದೆ" ಎನ್ನುತ್ತಾರೆ. ನಾನು ಯಾಕೆ ಬಾಯಿ ಬಿಟ್ಟೆನೋ. ನನ್ನ ಬಾಯಿ ಒಳ್ಳೆಯದಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತಂಗಿ

---

ಏಪ್ರಿಲ್ 2

ಇರುವೆಗೆ,

ಇದನ್ನು ಬರೆಯುತ್ತಿರುವುದು ಮುದುಕಪ್ಪ. ನಾನು ಹೇಳುತ್ತಿದ್ದೇನೆ. ಬಚ್ಚಲಲ್ಲಿ ಜಾರಿಬಿದ್ದು ಬಲಗೈಯ ನಾಲ್ಕು ಬೆರಳಿಗೆ ಪೆಟ್ಟಾಗಿದೆ. ಗಾಬರಿ ಬೇಡ. ಪಟ್ಟಿ ಕಟ್ಟಿದ್ದಾರೆ.

ದೊಡ್ಡವರ ಜಗಳದಲ್ಲಿ ನೀನು ನಿಲ್ಲಬೇಡ. ಪದರ ಒಂದಿದ್ದರೇನು, ಎರಡಿದ್ದರೇನು, ನಿನ್ನ ತಲೆ ಒಂದೇ ಇರುವುದು.

ಅಣ್ಣ

(ಮುದುಕಪ್ಪನ ಆಶೀರ್ವಾದ. ಮಗಳೇ, ನಿಮ್ಮ ಅಣ್ಣ ಒಳ್ಳೆಯವನು. ಬಚ್ಚಲ ನೆಲ ಅಷ್ಟೇನೂ ಜಾರುವುದಿಲ್ಲ.)

---

ಏಪ್ರಿಲ್ 19

ಅಣ್ಣಾ,

ಕನ್ನಡಕದ ಅಕ್ಕ ಆಸ್ಪತ್ರೆಯಲ್ಲಿದ್ದಾರೆ. ತಲೆಬುರುಡೆ ಬಿರಿದಿದೆ. ಐದು ದಿನವಾಯಿತು, ಕಣ್ಣು ಬಿಟ್ಟಿಲ್ಲ.

ಬುಧವಾರ ಮಧ್ಯಾಹ್ನ ಮೂರು ಗಂಟೆ ಇರಬೇಕು. ನಾನು ಪಕ್ಕದ ಕೋಣೆಯಲ್ಲಿ ಟೇಪು ಕೀಳುತ್ತಿದ್ದೆ. ಅಲ್ಲಿ ಗಾಳಿ ಎಳೆಯುವ ಪಂಪು ಸದಾ ಗುಂಯ್ ಎನ್ನುತ್ತಿರುತ್ತದೆ, ಏನೂ ಕೇಳುವುದಿಲ್ಲ. ಬಿಲ್ಲೆ ಕೊಡಲೆಂದು ಸೂಜಿಯ ಕೋಣೆಯ ಬಾಗಿಲು ತಳ್ಳಿದೆ. ಅಕ್ಕ ನೆಲದ ಮೇಲೆ ಒಂದು ಕಡೆ ಒರಗಿ ಬಿದ್ದಿದ್ದರು. ಕನ್ನಡಕ ಎರಡು ತುಂಡು. ಕಿವಿಯಿಂದ ರಕ್ತ ಇಳಿದು ಕಾಲರಿನೊಳಗೆ ಹೋಗುತ್ತಿತ್ತು. ಒಂದು ಕಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ಟಕ ಟಕ ಬಡಿಯುತ್ತಿತ್ತು, ಬಟ್ಟೆ ಹೊಲಿಯುವ ಯಂತ್ರದ ಹಾಗೆ. ಉಕ್ಕಿನ ಟೇಬಲ್ಲಿನ ಅಂಚಿನಲ್ಲಿ ಕೂದಲು ಅಂಟಿತ್ತು, ಕೂದಲ ಜೊತೆ ಚರ್ಮವೂ ಇತ್ತು.

ಉದ್ದನೆಯ ಸರ್ ಅಕ್ಕನ ಪಕ್ಕದಲ್ಲಿ ಮಂಡಿಯೂರಿದ್ದರು. ನನ್ನನ್ನು ನೋಡಿ, "ಜಾರಿಬಿದ್ಲು. ನೆಲ ಒದ್ದೆ ಇತ್ತು. ಒರೆಸಿದ್ದು ನೀನೇ ಅಲ್ವಾ?" ಎಂದರು.

ನಾನು ಒರೆಸಿದ್ದು ಬೆಳಿಗ್ಗೆ ಏಳಕ್ಕೆ. ಮೂರು ಗಂಟೆಗೆ ಯಾವ ನೆಲ ಒದ್ದೆ ಇರುತ್ತದೆ? ಅದನ್ನು ಹೇಳುವಷ್ಟರಲ್ಲಿ ಜನ ಬಂದರು, ಅಕ್ಕನನ್ನು ಎತ್ತಿಕೊಂಡು ಹೋದರು. ಕೋಣೆ ಖಾಲಿಯಾದ ಮೇಲೆ ಸರ್, "ಟೇಬಲ್ ಒರೆಸಿಬಿಡು, ಹದ್ದಿನಕಣ್ಣು" ಎಂದರು. ಒರೆಸಿದೆ ಅಣ್ಣ. ನನ್ನ ಕೈಯಿಂದಲೇ ಒರೆಸಿದೆ. ಬಕೆಟ್ಟಿನ ನೀರು ಕೆಂಪಾಯಿತು. ಎರಡು ಸಲ ನೀರು ಬದಲಾಯಿಸಿದೆ.

ಈಗ ಎಲ್ಲರೂ ನನ್ನನ್ನು ನೆಲ ಒದ್ದೆ ಬಿಟ್ಟವಳು ಎಂದು ನೋಡುತ್ತಾರೆ. ಅಕ್ಕನ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೆನ್ನೆಗೆ ಹೊಡೆದರು. "ನಿನ್ನ ಕೈಗೆ ಹುಳ ಬೀಳ" ಎಂದರು. ನಿಂತುಕೊಂಡು ಹೊಡೆಸಿಕೊಂಡೆ.

ಅವರು ಜಾರಿ ಬಿದ್ದಿಲ್ಲ. ನಿನಗಾದರೂ ಹೇಳುತ್ತೇನೆ, ಅವರು ಜಾರಿ ಬಿದ್ದಿಲ್ಲ. ಆದರೆ ನಾನು ನೋಡಿಲ್ಲ.

ನೀನೂ ಜಾರಿಬಿದ್ದೆ ಎಂದು ಬರೆಸಿದ್ದೀಯ. ಬೆರಳು ಹೇಗಿದೆ?

ತಂಗಿ

---

ಮೇ 1

ಇರುವೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಉದ್ದ ಬರೆಯಲಾಗುವುದಿಲ್ಲ.

ನೋಡಿಲ್ಲ ಎಂದೆಯಲ್ಲ, ಅಷ್ಟೇ. ನೋಡಿಲ್ಲ. ಯಾರು ಕೇಳಿದರೂ ಅಷ್ಟೇ ಹೇಳು. ಬಾಯಿಗೆ ಬೀಗ ಹಾಕಿಕೋ. ಒಬ್ಬ ಹೆಂಗಸಿನ ತಲೆ ಒಡೆದವನಿಗೆ ಇನ್ನೊಬ್ಬಳದ್ದು ಒಡೆಯುವುದು ಕಷ್ಟವಲ್ಲ. ಮೊದಲನೆಯದೇ ಕಷ್ಟ. ನನಗೆ ಗೊತ್ತು.

ಅಣ್ಣ

---

ಮೇ 12

ಪ್ರೀತಿಯ ಅಣ್ಣನಿಗೆ,

ಬಾಯಿಗೆ ಬೀಗ ಹಾಕಿಕೋ ಎಂದು ಬರೆದದ್ದು ಸರಿ. ಒಂಬತ್ತು ವರ್ಷದ ಹಿಂದೆಯೇ ಹಾಕಿಕೊಂಡಿದ್ದರೆ ನೀನು ಅಲ್ಲಿರುತ್ತಿರಲಿಲ್ಲ. ನಿನಗೂ ಅದೇ ಮನಸ್ಸಿನಲ್ಲಿದೆ ಎಂದು ನನಗೆ ಮೊದಲಿಂದ ಗೊತ್ತಿತ್ತು. ಈಗ ಬರೆದು ತೋರಿಸಿದೆ, ಒಳ್ಳೆಯದಾಯಿತು.

ಆದರೂ ಇದನ್ನು ಯಾರಿಗಾದರೂ ಹೇಳಲೇಬೇಕು.

ಅಕ್ಕ ಬಿದ್ದ ಹೊತ್ತಿನಲ್ಲಿ ಸೂಜಿ ಓಡುತ್ತಿತ್ತು. ಅಕ್ಕ ಆ ಬಿಲ್ಲೆಯನ್ನು ಸರ್ ಎದುರಿಗೇ ಅಳೆದು ತೋರಿಸಲು ಇಟ್ಟಿರಬೇಕು. ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ, ಅದು ಪೂರ್ತಿ ಚಿತ್ರ ಬರೆದು ತನ್ನಷ್ಟಕ್ಕೆ ಇಟ್ಟುಕೊಂಡಿದೆ. ಅಕ್ಕ ಬಿದ್ದ ಮೇಲೆ ಮೊದಲ ಸಲ, ಹೋದ ಶನಿವಾರ, ಕೆಟ್ಟ ಚಿತ್ರ ಅಳಿಸಲು ಕೂತಾಗ ನೋಡಿದೆ. ಮೇಲಿನ ಇನ್ನೂರು ಗೆರೆಗಳಲ್ಲಿ ಎರಡು ಮೆಟ್ಟಿಲು ಸ್ಪಷ್ಟವಾಗಿವೆ. ಆಮೇಲೆ ಇನ್ನೂರ ಮೂರನೆಯ ಗೆರೆ ಗರಗಸದ ಹಾಗೆ ಹರಿದಿದೆ. ಎರಡು ಗೆರೆ ನೆಟ್ಟಗಿವೆ. ಇನ್ನೂರ ಆರು ಹರಿದಿದೆ. ಆಮೇಲೆ ಏಳು ಗೆರೆ ಏನೂ ಆಗಿಲ್ಲ. ಹಾಳೆಯ ಮೇಲೆ ಸೂಜಿ ತಣ್ಣಗೆ ಓಡಾಡಿದೆ. ಇನ್ನೂರ ಹದಿನಾಲ್ಕನೆಯ ಗೆರೆ ಎಲ್ಲಕ್ಕಿಂತ ಜೋರಾಗಿ ಹರಿದಿದೆ. ಸೂಜಿ ಹಾಳೆಯನ್ನೇ ಕಿತ್ತುಹಾಕಿದೆ.

ಒಂದು ಗೆರೆಗೆ ಒಂದು ಸೆಕೆಂಡು ಎಂದು ಬರೆದಿದ್ದೆನಲ್ಲ. ಎರಡನೆಯ ಏಟಿಗೂ ಮೂರನೆಯ ಏಟಿಗೂ ನಡುವೆ ಎಂಟು ಸೆಕೆಂಡು. ಒಂದು, ಎರಡು, ಮೂರು ಎಂದು ಎಂಟರ ತನಕ ಎಣಿಸಿ ನೋಡು ಅಣ್ಣ. ಎಷ್ಟು ಉದ್ದ ಇದೆ ಅದು. ಅಷ್ಟು ಹೊತ್ತು ಅಕ್ಕನ ಕೂದಲು ಉದ್ದನೆಯ ಸರ್ ಮುಷ್ಟಿಯಲ್ಲೇ ಇತ್ತು.

ಇನ್ನೊಂದು ವಿಷಯ. ಚಿತ್ರ ಕೆಟ್ಟರೆ ಯಾಕೆ ಕೆಟ್ಟಿತು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುವುದು ಇಲ್ಲಿನ ಪದ್ಧತಿ. ಬರೆಯದಿದ್ದರೆ ಸಂಸ್ಥೆಯ ಮುಖ್ಯಸ್ಥರು, ದೊಡ್ಡ ಸರ್, ಉಗಿಯುತ್ತಾರೆ. ಆ ಬುಧವಾರದ ಸಾಲು ಓದಿದೆ. 'ಟೇಬಲ್ ಅಲುಗಿತು. ಗೆರೆ 203, 206, 214. ಚಿತ್ರ ಉಪಯೋಗವಿಲ್ಲ.' ಕೆಳಗೆ ಉದ್ದನೆಯ ಸರ್ ಸಹಿ. ಹನ್ನೆರಡು ವರ್ಷ ದಿನಾ ಬರೆದ ಕೈ ಅವತ್ತೂ ಬರೆದುಬಿಟ್ಟಿದೆ. ರಕ್ತ ತೊಳೆದುಕೊಂಡು ಬಂದು ಬರೆದರೋ, ಮೊದಲೇ ಬರೆದರೋ ಗೊತ್ತಿಲ್ಲ.

ಅಕ್ಕ ಈಗ ಕಣ್ಣು ಬಿಟ್ಟಿದ್ದಾರೆ. ಆ ದಿನ ಏನೂ ನೆನಪಿಲ್ಲ. ತಾವೇ ಜಾರಿಬಿದ್ದೆ ಎಂದುಕೊಂಡಿದ್ದಾರೆ. ಅಕ್ಕನ ತಾಯಿ ದೂರು ಕೊಟ್ಟಿದ್ದಾರೆ, ಸಂಸ್ಥೆಯಲ್ಲಿ ವಿಚಾರಣೆ ಇದೆ. ನೆಲ ಒರೆಸಿದವಳ ಮೇಲೆ ದೂರು.

ಚಿತ್ರ ಅಳಿಸಲಾ? ಬಟನ್ ಒತ್ತಿದರೆ ಮುಗಿಯಿತು. ನನ್ನ ಕೆಲಸವೇ ಅದು. ಒಂದು ಸಲವಾದರೆ ಬಿದ್ದದ್ದು. ಮೂರು ಸಲವಾದರೆ ಹೊಡೆದದ್ದು. ಕೋರ್ಟಿನಲ್ಲೂ ಇದನ್ನೇ ಕೇಳಿದರು ಅಣ್ಣ. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದ್ದರು. "ಪುಟ್ಟೀ, ನಿಮ್ಮಣ್ಣ ಎಷ್ಟು ಸಲ ಹೊಡೆದ?" ಮೂರು ಎಂದೆ. ಬೆರಳಲ್ಲೂ ತೋರಿಸಿದೆ. ಅಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದರು, ನೋಡಿದವಳು ನಾನೊಬ್ಬಳೇ. ಒಂದೇ ಅಂದಿದ್ದರೆ ಅಮ್ಮನನ್ನು ಬಿಡಿಸಿಕೊಳ್ಳಲು ಹೊಡೆದ ಎಂದು ಆಗುತ್ತಿತ್ತಂತೆ. ವಕೀಲರು ಅತ್ತೆಗೆ ಹಾಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ನಾಲ್ಕನೇ ಕ್ಲಾಸಿಗೆ ಮುಗಿಯಿತು.

ಅಳಿಸು ಎಂದರೆ ಅಳಿಸುತ್ತೇನೆ. ನಿನ್ನ ಮಾತು ಬರುವ ತನಕ ಮುಟ್ಟುವುದಿಲ್ಲ.

ತಂಗಿ

---

ಜೂನ್ 8

ಅಣ್ಣಾ,

ನಾಲ್ಕು ಶನಿವಾರ ಆಯಿತು. ನಿನ್ನ ಕಾಗದ ಬರಲಿಲ್ಲ.

ನಿನ್ನೆ ಉದ್ದನೆಯ ಸರ್ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ನಿನ್ನ ಕಾಗದ ಯಾವ ಊರಿಂದ ಬರುತ್ತೆ ಅಂತ ಆಫೀಸ್‌ನಲ್ಲಿ ನೋಡ್ದೆ. ಲಕೋಟೆ ಮೇಲೆ ಜೈಲಿನ ಮುದ್ರೆ. ಕೆಲಸಕ್ಕೆ ಸೇರೋವಾಗ ಹೇಳ್ಲೇ ಇಲ್ವಲ್ಲಮ್ಮ?" ಎಂದರು. ನಾನು ತಲೆ ತಗ್ಗಿಸಿದೆ. ನನ್ನ ಎರಡು ಬೆರಳು ಹಿಡಿದು, ನಗುತ್ತಲೇ, ಹಿಂದಕ್ಕೆ ಬಗ್ಗಿಸಿದರು. "ಟೇಪು ಕೀಳೋ ಬೆರಳು. ಜೋಪಾನ. ನೆಲ ಒದ್ದೆ ಇತ್ತು ಅಂತ ಒಂದು ಮಾತು ಹೇಳಿಬಿಡು, ನಿನ್ನ ಕೆಲಸ ನಾನು ಉಳಿಸ್ತೀನಿ" ಎಂದರು. ಕೂಗಿಕೊಳ್ಳಲಿಲ್ಲ. ಪಂಪಿನ ಸದ್ದಿಗೆ ಯಾರಿಗೂ ಕೇಳುತ್ತಿರಲಿಲ್ಲ.

ಜುಲೈ ಹತ್ತಕ್ಕೆ ವಿಚಾರಣೆ. ಬೇಗ ಬರಿ.

ತಂಗಿ

---

ಜೂನ್ 30

ಇರುವೆ,

ಬರೆಯಲು ಪೆನ್ನಿರಲಿಲ್ಲ ಎಂದು ಹೇಳಬೇಕೆಂದಿದ್ದೆ. ಪೆನ್ನಿತ್ತು. ಏಳು ವಾರ ಹಾಳೆ ಮುಂದಿಟ್ಟುಕೊಂಡು ಕೂತಿದ್ದೆ.

ಮೊದಲು ಸಣ್ಣದು. ನಾನು ಬಚ್ಚಲಲ್ಲಿ ಜಾರಿರಲಿಲ್ಲ. ಮೂರು ಜನ ಹಿಡಿದುಕೊಂಡರು, ಒಬ್ಬ ನನ್ನ ಬೆರಳುಗಳನ್ನು ಕಬ್ಬಿಣದ ಬಾಗಿಲ ಸಂದಿಯಲ್ಲಿಟ್ಟು ಬಾಗಿಲನ್ನು ಒದ್ದ. ಎರಡು ಬೆರಳು ಇನ್ನು ಮಡಚುವುದಿಲ್ಲ. ಹೆಸರು ಹೇಳಿದರೆ ಜಗಳ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, ಮಂಡಳಿಯ ಮುಂದೆ ಹೋಗುತ್ತದೆ. ಅದಕ್ಕೆ ಜಾರಿದೆ ಎಂದೆ. ಒದ್ದವನು ಈಗ ದಿನಾ ನನಗೆ ನಮಸ್ಕಾರ ಹೊಡೆಯುತ್ತಾನೆ.

ಈಗ ದೊಡ್ಡದು. ಇದನ್ನು ಓದುವ ಸಾಹೇಬರು ಓದಲಿ.

ನೀನು ಹೇಳಿದ್ದಕ್ಕೆ ನಾನು ಇಲ್ಲಿಲ್ಲ. ನಾನು ಮಾಡಿದ್ದಕ್ಕೆ ಇದ್ದೇನೆ. ಅಮ್ಮನನ್ನು ಕಟ್ಟಿಕೊಂಡ ಆ ಮನುಷ್ಯ ಅವತ್ತು ಅಮ್ಮನ ಕುತ್ತಿಗೆ ಅಮುಕುತ್ತಿದ್ದ. ನನ್ನ ಕೈಯಲ್ಲಿ ಲಾರಿ ಚಕ್ರದ ನಟ್ಟು ಬಿಚ್ಚುವ ದೊಡ್ಡ ಪಾನಾ ಇತ್ತು. ಮೊದಲ ಏಟು ಅವನ ಕೈ ಬಿಡಿಸಲು. ಎರಡನೆಯದು ಅವನು ತಿರುಗಿ ಎದ್ದದ್ದಕ್ಕೆ. ಮೂರನೆಯದು ಸಿಟ್ಟಿಗೆ. ಅಷ್ಟು ನೀನು ನೋಡಿದೆ. ಆಮೇಲೆ ನಿನ್ನ ರಟ್ಟೆ ಹಿಡಿದು ಹೊರಗೆ ತಳ್ಳಿ ಚಿಲಕ ಹಾಕಿದೆ. ನೀನು ಹೆದರಬಾರದೆಂದು ತಳ್ಳಿದೆ ಎಂದುಕೊಂಡಿದ್ದೀಯ. ಎಲ್ಲರಿಗೂ ಹಾಗೆಯೇ ಹೇಳಿದೆ.

ಅವನು ಸತ್ತಿರಲಿಲ್ಲ ಇರುವೆ. ಗೋಡೆಗೆ ಒರಗಿ ಕೂತಿದ್ದ. ನೀರು ಕೇಳಿದ. ಕೊಡ ಮೂಲೆಯಲ್ಲೇ ಇತ್ತು. ನಾನು ಕೊಡ ನೋಡಿದೆ, ಪಾನಾ ನೋಡಿದೆ. ಎಂಟು ಸೆಕೆಂಡು ಎಣಿಸು ಎಂದು ಬರೆದಿದ್ದೆಯಲ್ಲ, ಎಣಿಸಿದೆ. ನನ್ನದೂ ಅಷ್ಟೇ ಉದ್ದ ಇದ್ದೀತು. ಆಮೇಲೆ ಇನ್ನೆರಡು ಹೊಡೆದೆ. ಡಾಕ್ಟರಿಗೆ ಎಣಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ನಿನ್ನ ಮೂರು ಬೆರಳನ್ನೇ ಕೋರ್ಟು ನಂಬಿತು.

ಒಟ್ಟು ಐದು. ನೀನು ಮೂರು ಎಂದದ್ದರಿಂದ ನನಗೆ ನೇಣಿನ ಹಗ್ಗ ತಪ್ಪಿತು. ನೀನು ನನ್ನನ್ನು ಒಳಗೆ ಹಾಕಿಸಿದೆ ಎಂದು ಒಂಬತ್ತು ವರ್ಷ ನಿನ್ನನ್ನು ನೀನು ಬಡಿದುಕೊಳ್ಳುತ್ತಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಹೇಳಿದರೆ ಮಂಡಳಿಯವರು ಓದುತ್ತಾರೆ ಎಂಬ ಭಯ.

ಚಿತ್ರ ಅಳಿಸಬೇಡ. ಹೋಗಿ ಹೇಳು. ಎಂಟು ಸೆಕೆಂಡು ನಿಂತು ಆಮೇಲೂ ಹೊಡೆದವನನ್ನು ಹೊರಗೆ ಬಿಡಬಾರದು.

ಅಣ್ಣ

---

ಜುಲೈ 21

ಅಣ್ಣನಿಗೆ,

ನಿನ್ನ ಕಾಗದ ಒಂಬತ್ತನೇ ತಾರೀಕು ಸಿಕ್ಕಿತು. 'ಐದು' ಎಂಬ ಮಾತಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಸಾಹೇಬರು ಓದಿದ್ದಾರೆ.

ಮೊದಲು ವಿಚಾರಣೆಯದು ಹೇಳುತ್ತೇನೆ, ಅದು ಸುಲಭ. ಉದ್ದ ಮೇಜಿನ ಹಿಂದೆ ಐದು ಜನ. ದೊಡ್ಡ ಸರ್ ನಡುವೆ. ಒಂದು ಕಡೆ ಅಕ್ಕನ ತಾಯಿ, ಇನ್ನೊಂದು ಕಡೆ ಉದ್ದನೆಯ ಸರ್. "ಎಷ್ಟು ಓದಿದ್ದೀಯಮ್ಮ?" ಎಂದರು. ನಾಲ್ಕನೇ ಕ್ಲಾಸು ಎಂದೆ. ಒಬ್ಬರು ಪಕ್ಕದವರ ಕಡೆ ನೋಡಿ ಮುಗುಳ್ನಕ್ಕರು. ನೆಲ ಒದ್ದೆ ಬಿಟ್ಟಿದ್ದೆಯಾ ಎಂದು ಕೇಳಿದರು. ನಾನು ಚಿತ್ರವನ್ನು ಮೇಜಿನ ಮೇಲಿಟ್ಟೆ, ರಿಜಿಸ್ಟರನ್ನು ಪಕ್ಕದಲ್ಲಿ ಬಿಚ್ಚಿಟ್ಟೆ. "ಒಂದ್ಸಲ ಬಿದ್ರೆ ಒಂದು ಗೆರೆ ಕೆಡುತ್ತೆ ಸರ್. ಇಲ್ಲಿ ಮೂರಿದೆ. ಬರೆದಿರೋದು ಅವರೇ" ಎಂದೆ.

ಉದ್ದನೆಯ ಸರ್ ಸಮಾಧಾನವಾಗಿಯೇ, "ಗಾಳಿ ಕಾಲಿನ ಟೇಬಲ್ ಸರ್, ಒಂದು ಏಟಿಗೇ ತೂಗಾಡುತ್ತೆ. ಪಾಪ, ಇವಳಿಗೇನು ಗೊತ್ತಾಗಬೇಕು" ಎಂದರು. ಎಲ್ಲರೂ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡೆ. ಆಮೇಲೆ ನನ್ನ ಬಾಯಿ ಅದಾಗಿಯೇ ತೆರೆಯಿತು. "ತೂಗಾಡಿದ್ರೆ ಬರ್ತಾ ಬರ್ತಾ ಕಮ್ಮಿ ಆಗ್ಬೇಕು ಸರ್. ಕೊನೇದೇ ಜಾಸ್ತಿ ಇದೆ. ನಡುವೆ ಏಳು ಗೆರೆ ಅಲುಗೇ ಇಲ್ಲ."

ದೊಡ್ಡ ಸರ್ ಎದ್ದರು. ಎಲ್ಲರನ್ನೂ ಸೂಜಿಯ ಕೋಣೆಗೆ ಕರೆದುಕೊಂಡು ಹೋಗಿ, ಬೇರೆ ಬಿಲ್ಲೆ ಹಾಕಿಸಿ, ಯಂತ್ರ ಓಡಿಸಿ, ತಲೆಯಷ್ಟು ತೂಕದ ಮರಳುಚೀಲವನ್ನು ತಾವೇ ಟೇಬಲ್ಲಿನ ಅಂಚಿಗೆ ಬಡಿದರು. ಒಂದೇ ಗೆರೆ ಕೆಟ್ಟಿತು. ಇನ್ನೊಮ್ಮೆ ಬಡಿದರು. ಇನ್ನೊಂದು ಗೆರೆ. ಮೂರನೆಯ ಸಲ ಬಡಿಯಲು ಚೀಲ ಎತ್ತಿದವರು ಹಾಗೇ ಇಳಿಸಿದರು. ಆ ಸದ್ದು ಕೇಳಿ ಅಕ್ಕನ ತಾಯಿ ಬಾಯಿಗೆ ಸೆರಗು ತುರುಕಿಕೊಂಡಿದ್ದರು.

ಆಗ ಉದ್ದನೆಯ ಸರ್ ಸ್ವರ ಬದಲಾಯಿತು. "ಕೊಲೆಗಾರನ ತಂಗಿ ಇವಳು! ಇವಳ ಲೆಕ್ಕ ನಂಬ್ತೀರಾ?" ಎಂದು ಕೂಗಿ ನನ್ನ ಮೇಲೆ ನುಗ್ಗಿದರು. ಗಂಟಲಿಗೆ ಕೈ ಹಾಕಿದರು. ಎರಡು ಉಗುರು ಒಳಗೆ ಇಳಿಯಿತು. ಇಬ್ಬರು ಎಳೆದು ಗೋಡೆಗೆ ಒತ್ತಿ ಹಿಡಿದರು. ನಾನು ಗಂಟಲು ಸರಿಮಾಡಿಕೊಂಡು, "ಹೌದು ಸರ್, ತಂಗಿ. ನನ್ನ ಲೆಕ್ಕದಲ್ಲಿ ಕಮ್ಮಿ ಇರಬಹುದು. ಜಾಸ್ತಿ ಇರಲ್ಲ" ಎಂದೆ. ಅಷ್ಟೇ ಹೇಳಿದೆ. ನಿನ್ನ ಐದನ್ನು ಅಲ್ಲಿ ಯಾರಿಗೂ ಕೊಡಲಿಲ್ಲ.

ಪೊಲೀಸರು ಅವರನ್ನು ಕರೆದುಕೊಂಡು ಹೋದರು. ಅಕ್ಕನ ತಾಯಿ ನನ್ನ ಹತ್ತಿರ ಬಂದು, ಅವತ್ತು ಹೊಡೆದ ಕೆನ್ನೆಯನ್ನು ಮುಟ್ಟಲು ಕೈ ಎತ್ತಿದರು. ನಾನು ಹೆದರಿ ಹಿಂದೆ ಸರಿದೆ. ಇಬ್ಬರಿಗೂ ಅಳು ಬಂತು.

ಈಗ ಕಷ್ಟದ್ದು. ಮೊನ್ನೆ ಜೈಲಿನಿಂದ ಅತ್ತೆಯ ಹೆಸರಿಗೆ ಚೀಟಿ ಬಂತು. ಸೆಪ್ಟೆಂಬರಿನ ಮಂಡಳಿಗೆ ನಿನ್ನ ಹೆಸರು ಹೋಗುವುದಿಲ್ಲವಂತೆ. ಕಾರಣ ಬರೆದಿಲ್ಲ. ಅತ್ತೆ, "ಯಾಕಂತೆ? ಇನ್ನೆಷ್ಟು ವರ್ಷವಂತೆ?" ಎಂದು ಹತ್ತು ಸಲ ಕೇಳಿದರು. ನಾಲ್ಕು ಎಂದು ಮಾತ್ರ ಹೇಳಿದೆ.

ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅವನು ನೀರು ಕೇಳಿದ ಎಂಬ ಸಾಲು ಓದಿ ಎರಡು ದಿನ ನಿನ್ನ ಮೇಲೆ ಅಸಹ್ಯ ಬಂತು. ಕಾಗದವನ್ನು ಒಲೆಗೆ ಹಾಕಲು ಹೋದೆ. ಆಮೇಲೆ ಅದೇ ಕಾಗದಕ್ಕೆ ನೀನು ನಾಲ್ಕು ವರ್ಷ ಕೊಟ್ಟೆ ಎಂದು ನೆನಪಾಯಿತು. ಎರಡೂ ಒಟ್ಟಿಗೇ ಇವೆ ಅಣ್ಣ. ಒಂದನ್ನು ಇನ್ನೊಂದರಿಂದ ಬಿಡಿಸಲು ನನಗೆ ಬರುತ್ತಿಲ್ಲ.

ಅವತ್ತು ಹೊರಗೆ ನಾನು ಬಾಗಿಲು ಬಡಿಯುತ್ತಿದ್ದೆ. ಒಳಗಿನ ಸದ್ದು ನನಗೆ ಕೇಳದಿರಲೆಂದೇ ಅಷ್ಟು ಜೋರಾಗಿ ಬಡಿದೆನೇನೋ ಎಂದು ಈಗ ಅನುಮಾನ. ಅದನ್ನು ಕಾಗದದಲ್ಲಿ ಕೇಳುವುದಿಲ್ಲ. ಭೇಟಿಯ ಅರ್ಜಿ ಹಾಕಿದ್ದೇನೆ. ಆಗಸ್ಟ್ ಹದಿನೈದರ ಮೇಲೆ ಬಂದು ಜಾಲರಿಯ ಈಚೆ ಕೂರುತ್ತೇನೆ. ನೀನು ಏನಾದರೂ ಮಾತಾಡು, ಇಲ್ಲವೇ ಸುಮ್ಮನಿರು.

ನನ್ನ ಕೆಲಸ ಇದೆ ಎಂದು ಯಾರೂ ಹೇಳಿಲ್ಲ, ಹೋಯಿತು ಎಂದೂ ಹೇಳಿಲ್ಲ. ಕೆಲಸದ ಅರ್ಜಿಯಲ್ಲಿ ನಿನ್ನ ವಿಷಯ ಮುಚ್ಚಿಟ್ಟದ್ದಕ್ಕೆ ಏನು ಮಾಡಬೇಕೆಂದು ಆಫೀಸಿನವರು ಇನ್ನೂ ಯೋಚಿಸುತ್ತಿದ್ದಾರಂತೆ. ಇವತ್ತು ಬೆಳಿಗ್ಗೆ ಪ್ರಯೋಗಾಲಯದ ಬಿಳಿ ಕೋಟನ್ನು ನೆನೆಸಿ ಒಗೆದು ಕಿಟಕಿಗೆ ಒಣಗಲು ಹಾಕಿದೆ. ವಾಪಸ್ ಕೊಡಲೋ, ಹಾಕಿಕೊಂಡು ಹೋಗಲೋ, ಒಣಗಿದ ಮೇಲೆ ನೋಡೋಣ.

ತಂಗಿ